ಮೇ ತಿಂಗಳಲ್ಲಿ ತಾಜಾ ಬೈಂಬಳೆ!

ಮಾನ್ಯ ಸಂಪಾದಕರೇ,

ಮಡಿಕೇರಿ ಸಮೀಪದ ರೆಸ್ಟೋರೆಂಟ್ ಒಂದರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟದ ಬರಹ ಬಂದಿತ್ತು. ‘ಅಪ್ಪಟ ಕೊಡಗಿನ ಅಡುಗೆ, ಅಜ್ಜಿಯ ಕೈರುಚಿ’ ಅಂತೆಲ್ಲ ಇತ್ತು. ಮೊಬೈಲ್ ತೆರೆದರೂ ಅದರದೇ ರೀಲ್ಸ್. ಅಪ್ಪ ಅವ್ವ ಮದುವೆಯಾಗಿ ಈ ಮೇ ತಿಂಗಳಿಗೆ 50 ವರ್ಷ. ಮನೆಯಲ್ಲೇ ಹಂದಿ ಮಾಂಸದ ಪಂದಿ ಕರಿ ಮಾಡಿ ನೆಂಟರನ್ನು ಕರೆಯೋಣ ಎನ್ನುತ್ತಿದ್ದ ಅವ್ವನಿಗೆ, ಅವತ್ತೊಂದು ದಿನವಾದರೂ ಒಲೆ ಮುಂದೆ ನಿಲ್ಲೋದು ಬೇಡ ಎಂದು ಹೇಳಿ ಒಪ್ಪಿಸಿದವನು ನಾನು. ಹಾಗಾಗಿ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಒಂಬತ್ತು ಜನಕ್ಕೆ ರಾತ್ರಿ ಎಂಟಕ್ಕೆ ಟೇಬಲ್ ಹೇಳಿದ್ದೆವು. ಕುಳಿತುಕೊಳ್ಳಲು ಜಾಗ ಸಿಕ್ಕಿದ್ದು ಎಂಟೂ ಮುಕ್ಕಾಲಿಗೆ, ಊಟ ಬಂದಿದ್ದು ಒಂಬತ್ತೂವರೆ ದಾಟಿದ ಮೇಲೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಆಗಿತ್ತು, ಕೈ ಸಣ್ಣಗೆ ನಡುಗತೊಡಗಿತು. ತಂಗಿ ಕಾರಿಗೆ ಓಡಿ, ಮಗುವಿಗೆಂದು ಇಟ್ಟಿದ್ದ ಬಿಸ್ಕೆಟ್ ತಂದುಕೊಟ್ಟಳು. ಮದುವೆಯ ಕೆಂಪು ಸೀರೆಯನ್ನೇ ಕೊಡವ ಶೈಲಿಯಲ್ಲಿ ಉಟ್ಟುಬಂದಿದ್ದ ಅವ್ವ ಆ ಹೊತ್ತಿನಲ್ಲಿ ಮೆನು ಓದುತ್ತಿದ್ದರು. ಓದುತ್ತಾ ಓದುತ್ತಾ ನಕ್ಕರು. ‘ತಾಜಾ ಬೈಂಬಳೆ ಕರಿ’ ಎಂದಿತ್ತು. ಬೈಂಬಳೆ ಎಂದರೆ ಕಣಿಲೆ, ಬಿದಿರಿನ ಎಳೆ ಚಿಗುರು. ಮಳೆ ಹಿಡಿಯದೆ ಬಿದಿರು ಚಿಗುರುವುದಿಲ್ಲ, ಮೇ ತಿಂಗಳಲ್ಲಿ ಎಲ್ಲಿಯ ತಾಜಾ ಕಣಿಲೆ? ಉಪ್ಪುನೀರಿನಲ್ಲಿ ಹಾಕಿಟ್ಟದ್ದು ಎಂದು ಬರೆದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ, ನಮ್ಮ ಮನೆಯಲ್ಲೂ ಭರಣಿ ಇದೆ.

ಪಂದಿ ಕರಿ ಬಂತು. ಕೆಂಪಗೆ, ತೆಳ್ಳಗೆ, ಟೊಮೆಟೊ ತೇಲುತ್ತಿತ್ತು. ಕಪ್ಪಗೆ ಹುರಿದ ಜೀರಿಗೆ, ಸಾಸಿವೆ, ಕಾಳುಮೆಣಸಿನ ಮಸಾಲೆ ಇಲ್ಲ, ಕೊನೆಗೆ ಬೀಳಬೇಕಾದ ಕಾಚಂಪುಳಿ ಅಂತೂ ಇಲ್ಲವೇ ಇಲ್ಲ. ಹುಳಿಗೆ ಅಂಗಡಿಯ ವಿನೆಗರ್. ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣಿನ ರಸ ಇಳಿಸಿ, ಅದು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿ, ಕಾಚಂಪುಳಿ ಮಾಡಿ ಬಾಟಲಿಯಲ್ಲಿ ವರ್ಷಗಟ್ಟಲೆ ಕಾಪಾಡುವವರು ನಾವು. ಒಂದು ಪಾತ್ರೆ ಕರಿಗೆ ಒಂದೆರಡು ಚಮಚ ಸಾಕು, ಅಷ್ಟಕ್ಕೂ ಜಿಪುಣತನ. ಬಡಿಸುತ್ತಿದ್ದ ಹುಡುಗನನ್ನು ಕೇಳಿದೆ. “ಕಾಚಂಪುಳಿ ಅಂದ್ರೆ ಯಾವ ಐಟಂ ಸಾರ್? ಮೆನುನಲ್ಲಿ ಇಲ್ವಲ್ಲ” ಎಂದ. ಪಾಪ, ಅವನ ತಪ್ಪೇನಿಲ್ಲ, ಹೊರಗಿನಿಂದ ದುಡಿಯಲು ಬಂದವನು. ಅಕ್ಕಿ ತರಿಯ ಉಂಡೆ ಕಡುಬು, ಅಂದರೆ ಕಡಂಬುಟ್ಟು, ಹೊರಗೆ ಬಿಸಿ, ಒಳಗೆ ಫ್ರಿಡ್ಜಿನ ತಣ್ಣಗೆ. ಅಕ್ಕಿ ರೊಟ್ಟಿ ಮಾತ್ರ ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ಅನ್ಯಾಯ. ಊಟದ ಕೊನೆಗೆ ಕಾಫಿ ಕೇಳಿದರೆ ಇನ್‌ಸ್ಟಂಟ್ ಪುಡಿ ಕಲಕಿ ತಂದಿಟ್ಟರು. ಕಿಟಕಿಯಿಂದ ಕೈ ಚಾಚಿದರೆ ರೊಬಸ್ಟಾ ಗಿಡ ಸಿಗುವ ಜಾಗ ಸ್ವಾಮಿ ಅದು!

ಇನ್ನು ಬಿಲ್ಲು. ಊಟಕ್ಕೆ 10,400 ರೂಪಾಯಿ, ಅದರ ಮೇಲೆ ಶೇ 10ರ ಸೇವಾ ಶುಲ್ಕ 1,040, ಎರಡೂ ಸೇರಿಸಿದ ಮೊತ್ತಕ್ಕೆ ಶೇ 5 ಜಿಎಸ್‌ಟಿ, ಒಟ್ಟು 12,012. ಬಿಲ್ಲಿಗೆ ಸೇವಾ ಶುಲ್ಕವನ್ನು ತಾವಾಗಿಯೇ ಸೇರಿಸಬಾರದು, ಸೇರಿಸಿ ಅದರ ಮೇಲೂ ಜಿಎಸ್‌ಟಿ ಹಾಕಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠವೂ ಅದನ್ನು ಎತ್ತಿಹಿಡಿದಿದೆ. ಇದನ್ನು ಹೇಳಿದಾಗ ಮ್ಯಾನೇಜರ್ ‘ಸಿಸ್ಟಮ್‌ನಲ್ಲೇ ಹಾಗೆ ಬರುತ್ತೆ’ ಎಂದರು. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ ಎಂದ ಮೇಲೆ ಅದೇ ಸಿಸ್ಟಮ್‌ನಿಂದ 10,920ರ ಹೊಸ ಬಿಲ್ಲು ಬಂತು. ಜೊತೆಗೊಂದು ಕ್ಯೂಆರ್ ಕೋಡ್: ಐದು ಸ್ಟಾರ್ ಕೊಟ್ಟರೆ ಮಕ್ಕಳಿಗೆ ಐಸ್‌ಕ್ರೀಮ್ ಉಚಿತವಂತೆ. ಮಕ್ಕಳು ನನ್ನ ಮುಖ ನೋಡಿದರು. ಕೊಡಲಿಲ್ಲ. ದಾರಿಯಲ್ಲಿ ಅಂಗಡಿಗಳೂ ಮುಚ್ಚಿದ್ದವು, ಮನೆಯವರೆಗೂ ಅವರ ಮುನಿಸು.

ಪ್ರವಾಸಿಗರು ಇದನ್ನೇ ಪಂದಿ ಕರಿ ಎಂದುಕೊಂಡು ಊರಿಗೆ ಮರಳುತ್ತಾರಲ್ಲ, ನನಗೆ ದುಡ್ಡಿಗಿಂತ ಹೆಚ್ಚು ಉರಿದದ್ದು ಅದು. ವಿರಾಜಪೇಟೆ, ಗೋಣಿಕೊಪ್ಪದ ಕಡೆ ನಾಲ್ಕೇ ಬೆಂಚಿನ ಹೋಟೆಲುಗಳಲ್ಲಿ ಇದರ ಕಾಲು ಭಾಗದ ದುಡ್ಡಿಗೆ ಸರಿಯಾದ ಕರಿ ಸಿಗುತ್ತದೆ. ಅವರಿಗೆ ರೀಲ್ಸ್ ಮಾಡಿಸಲು ಗೊತ್ತಿಲ್ಲ, ಪುರವಣಿಯವರೂ ಅಲ್ಲಿಗೆ ಹೋಗುವುದಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಆ ಬರಹ ದುಡ್ಡು ಪಡೆದು ಹಾಕಿದ್ದಾದರೆ ಮೇಲೆ ‘ಜಾಹೀರಾತು’ ಎಂದು ಅಚ್ಚು ಹಾಕಿ. ಅಲ್ಲವಾದರೆ, ಬರೆದವರು ಅಲ್ಲಿ ಉಂಡಿದ್ದರೇ? ಉಂಡಿದ್ದರೆ ಬಿಲ್ಲು ಕೊಟ್ಟವರು ಯಾರು? ಮೂವತ್ತು ವರ್ಷದಿಂದ ನಮ್ಮ ಮನೆಗೆ ಬರುತ್ತಿರುವ ಪತ್ರಿಕೆ ಎಂಬ ಸಲುಗೆಯಿಂದ ಕೇಳುತ್ತಿದ್ದೇನೆ.

ಎರಡೂ ಬಿಲ್ಲುಗಳ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹೋಟೆಲಿನ ಹೆಸರು ಪ್ರಕಟಿಸಬೇಕೆಂಬ ಹಟ ನನಗಿಲ್ಲ, ಆ ಬರಹ ಬರೆದವರಿಗೆ ತೋರಿಸಿದರೆ ಸಾಕು.

— ನಿಮ್ಮ ಹಳೆಯ ಚಂದಾದಾರ, ಪೊನ್ನಂಪೇಟೆ