ಮೀನು ಮಾರ್ಕೆಟ್ ಅಲ್ಲದ ನಿಮ್ಮ ರೆಸ್ಟೋರೆಂಟಿಗೆ ಒಂದು ದೂರು

ಮ್ಯಾನೇಜರ್ ಅವರಿಗೆ,

ನಮಸ್ಕಾರ. ಜುಲೈ 12 ಶನಿವಾರ ರಾತ್ರಿ 8 ಗಂಟೆ, 6 ಜನರ ಬುಕಿಂಗ್, ಅಮ್ಮನ 70ನೇ ಹುಟ್ಟಿದ ದಿನ. ಇಷ್ಟು ಹೇಳಿದ್ರೆ ನಿಮ್ಮ ಕಂಪ್ಯೂಟರಲ್ಲಿ ಬಿಲ್ ಸಿಗ್ತದೆ, 7,392 ರೂಪಾಯಿದ್ದು. ಪತ್ರ ಬರಿಯುವ ಮನಸ್ಸು ನನಗಿರ್ಲಿಲ್ಲ. ಮೂರು ಸಲ ಫೋನ್ ಮಾಡಿದ್ದೆ, ಮೂರು ಸಲವೂ ಮರ್ಯಾದೆಯಲ್ಲೇ ಮಾತಾಡಿದ್ದೆ. ಒಮ್ಮೆ ಮ್ಯಾನೇಜರ್ ಮೀಟಿಂಗಲ್ಲಿದ್ದಾರೆ ಅಂದ್ರು, ಒಮ್ಮೆ ನಾವೇ ಕಾಲ್ ಮಾಡ್ತೇವೆ ಅಂದ್ರು, ಮೂರನೇ ಸಲ ಒಂದು ಹುಡುಗಿ, ಪಾಪ ತುಂಬಾ ನಯವಾಗಿಯೇ, 500 ರೂಪಾಯಿಯ ವೋಚರ್ ಕಳಿಸ್ತೇನೆ ಸರ್ ಅಂದ್ಲು. ಬಂತು ಕೂಡ. ಸೋಮವಾರದಿಂದ ಗುರುವಾರ ಮಧ್ಯಾಹ್ನ ಮಾತ್ರ, ಮೀನಿಗೆ ಅನ್ವಯಿಸುವುದಿಲ್ಲ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ. ಸೀಫುಡ್ ರೆಸ್ಟೋರೆಂಟಿಗೆ ಬಂದು ಮೀನು ಬಿಟ್ಟು ಎಂತ ತಿನ್ನುದು ಮಾರಾಯ್ರೆ, ಗೋಬಿ ಮಂಚೂರಿಯಾ?

ಅದನ್ನೂ ನುಂಗಿಕೊಂಡಿದ್ದೆ. ಆದ್ರೆ ಜುಲೈ 30ಕ್ಕೆ ನೀವೇ ಒಂದು ವಾಟ್ಸಾಪ್ ಕಳಿಸಿದ್ರಲ್ಲ, ಅದು ನೋಡಿದ ಮೇಲೆ ತಡ್ಕೊಳ್ಳಲಿಕ್ಕೆ ಆಗ್ಲಿಲ್ಲ. ಅದರ ವಿಷಯಕ್ಕೆ ಕಡೆಗೆ ಬರ್ತೇನೆ.

ಟೇಬಲ್ ವಿಷಯ ಉದ್ದ ಮಾಡುದಿಲ್ಲ. ಹೊಳೆ ಬದಿಯ ಟೇಬಲ್ ಅಂತ ಬುಕ್ ಮಾಡಿದ್ದು, 15 ನಿಮಿಷದವರೆಗೆ ಹಿಡಿದಿಡುವ ರೂಲು ನಿಮ್ಮದೇ, ನಾವು ಬಂದದ್ದು 8 ಗಂಟೆ 5 ನಿಮಿಷಕ್ಕೆ, ಅಷ್ಟರಲ್ಲಿ ಅಲ್ಲಿ ಬೇರೆಯವರು ಸೂಪ್ ಕುಡಿತಿದ್ರು. ನಮಗೆ ಸಿಕ್ಕಿದ್ದು ಕೈ ತೊಳಿಯುವ ಜಾಗದ ಹತ್ತಿರದ್ದು. ಬೇಸಿನ್ ಮೇಲಿನ ಕನ್ನಡಿಯಲ್ಲಿ ಫಲ್ಗುಣಿ ಹೊಳೆ ಚೂರು ಕಾಣ್ತಿತ್ತು ಅನ್ನುದು ಸುಳ್ಳಲ್ಲ.

ಈಗ ಮುಖ್ಯ ವಿಷಯ. ನಿಮ್ಮ ಐಸ್ ಕೌಂಟರ್. "ನಿಮ್ಮ ಮೀನು ನೀವೇ ಆರಿಸಿ" ಅಂತ ಬೋರ್ಡ್ ಹಾಕಿದ್ದು ನಾನಲ್ಲ, ನೀವು. ಅಮ್ಮ ಅದನ್ನು ಓದಿಯೇ ಹೋದದ್ದು. ಅವರು ಮಲ್ಪೆ ಕಡೆಯವರು, ನಮ್ಮ ಅಜ್ಜಿ ತಲೆ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿದವರು, ಹಾಗಾಗಿ ಮೀನು ಆರಿಸುದು ಅಂದ್ರೆ ಅಮ್ಮನಿಗೆ ಕಣ್ಣಲ್ಲಿ ನೋಡುದು ಮಾತ್ರ ಅಲ್ಲ. ಒಂದು ಸಣ್ಣ ಅಂಜಲ್ ಮೀನಿನ ಕಿವಿ ಎತ್ತಿ ಒಳಗೆ ಕೆಂಪು ಉಂಟಾ ಅಂತ ಬೆರಳಲ್ಲಿ ನೋಡಿದ್ರು ಅಷ್ಟೇ, ಕೌಂಟರಿನ ಹುಡುಗ "ಮೇಡಂ ಮೇಡಂ ಡೋಂಟ್ ಟಚ್" ಅಂತ ಬೊಬ್ಬೆ ಹಾಕಿದ, ಅಮ್ಮ ಬಿಸಿ ಬಾಣಲೆ ಮುಟ್ಟಿದವರ ಹಾಗೆ ಕೈ ಹಿಂದೆ ತೆಗೆದ್ರು. ಆಯ್ತು, ಕ್ಲೀನ್ ಇರ್ಬೇಕು, ಒಪ್ತೇನೆ. ಗ್ಲೌಸ್ ಕೊಡಿ ಅಂತ ನಾನೇ ಕೇಳಿದೆ. ಇಲ್ಲ ಅಂದ್ರು.

ಅಷ್ಟರಲ್ಲಿ ಕಪ್ಪು ಕೋಟು ಹಾಕಿದ ನಿಮ್ಮ ಕ್ಯಾಪ್ಟನ್ ಬಂದ್ರು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಇದು ಎಲ್ಲಿಯ ಅಂಜಲ್?"

"ಫ್ರೆಶ್ ಕ್ಯಾಚ್ ಮೇಡಂ. ಇವತ್ತು ಬೆಳಗ್ಗೆ ಮಲ್ಪೆ ಬೋಟಿಂದ ಬಂದದ್ದು."

ಅಮ್ಮ ನಗಾಡಿದ್ರು. ಗೇಲಿ ಮಾಡಿದ್ದಲ್ಲ, ಅವರಿಗೆ ನಿಜವಾಗಿ ನಗು ಬಂತು. "ಯಾವ ಬೋಟು ಮಗಾ? ಬೋಟೆಲ್ಲ ದಕ್ಕೆಯಲ್ಲಿ ಕಟ್ಟಿ ಹಾಕಿದ್ದಾರಲ್ಲ, ಆಗಸ್ಟ್ ಬರ್ಬೇಕಲ್ಲ."

ಆಗ ಕ್ಯಾಪ್ಟನ್ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪುಂಟು. "ಇಲ್ಲ ಆಂಟಿ, ನಿಮಗೆ ಗೊತ್ತಿಲ್ಲ. ಬ್ಯಾನ್ ಇರುದು ಸಣ್ಣ ದೋಣಿಗೆ. ನಮ್ಮದು ಡೀಪ್ ಸೀ, ದೊಡ್ಡ ಬೋಟು, ಅದಕ್ಕೆ ಬ್ಯಾನ್ ಇಲ್ಲ." ಸ್ವಾಮಿ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್ ಇರುದೇ ದೊಡ್ಡ ಬೋಟಿಗೆ, ಬಲೆ ಎಳೆಯುವ ಟ್ರಾಲ್ ಬೋಟಿಗೆ, ಸುತ್ತುಬಲೆಯ ಪರ್ಸೀನ್ ಬೋಟಿಗೆ. ಮಳೆಗಾಲದಲ್ಲಿ ಹೋಗ್ಲಿಕ್ಕೆ ಬಿಡುದು ಸಣ್ಣ ನಾಡದೋಣಿಯನ್ನು. ಪೂರ್ತಿ ಉಲ್ಟಾ. ಅದನ್ನು ದಕ್ಕೆಯಲ್ಲೇ ಬೆಳೆದ ಹೆಂಗಸಿಗೆ ಬೆರಳು ಎತ್ತಿ ಪಾಠ ಮಾಡಿದ್ರು.

ಅಮ್ಮ ಮೆಲ್ಲ, "ಹಾಗಲ್ಲ ಮಗಾ" ಅಂತ ಶುರು ಮಾಡಿದ್ರು. ಕ್ಯಾಪ್ಟನ್ ಅವರನ್ನು ಬಿಟ್ಟು ನನ್ನ ಕಡೆ ತಿರುಗಿ, ಪಕ್ಕದ ಟೇಬಲಿಗೂ ಕೇಳುವ ಹಾಗೆ, "ಸರ್, ಆಂಟಿಗೆ ಸ್ವಲ್ಪ ಎಕ್ಸ್‌ಪ್ಲೇನ್ ಮಾಡಿ, ಇದು ಮೀನು ಮಾರ್ಕೆಟ್ ಅಲ್ಲ" ಅಂದ್ರು.

ಪಕ್ಕದ ಟೇಬಲಲ್ಲಿ ಯಾರೋ ನಕ್ಕರು. ಕೌಂಟರಿನ ಹುಡುಗ ಒಂದು ಟಿಶ್ಯೂ ಮುಂದೆ ಹಿಡಿದ. ಅಮ್ಮ ಅದನ್ನು ತಗೊಳ್ಳದೆ ಸೆರಗಲ್ಲೇ ಬೆರಳು ಒರೆಸಿಕೊಂಡು ಹೋಗಿ ಕೂತ್ರು. ಹೊಸ ಸೀರೆ ಅದು, ಅಕ್ಕ ಮುಂಬೈಯಿಂದ ತಂದದ್ದು. ಭಾವನಿಗೆ ನಾಚಿಕೆಯಾಗಿ "ಅದೇ ಕೊಡಿ ಅದೇ ಕೊಡಿ" ಅಂತ ಆರ್ಡರ್ ಮಾಡಿದ್ರು. ಅಮ್ಮ ನೀರ್ ದೋಸೆ ತಿಂದ್ರು, ಚಟ್ನಿಯಲ್ಲಿ. ಹುಟ್ಟಿದ ದಿನದ ಊಟ.

ಇನ್ನು ಬಿಲ್. ಮೆನುವಿನಲ್ಲಿ ಅಂಜಲಿನ ಎದುರು ರೇಟ್ ಇಲ್ಲ, ಎ.ಪಿ.ಎಸ್. ಅಂತ ಉಂಟು, ಅಂದ್ರೆ ಸೈಜ್ ನೋಡಿ ರೇಟ್. ಆ ಸೈಜ್ ನೋಡಿದ್ದು ಯಾರು? ತೂಕ ನಮ್ಮೆದುರು ಮಾಡಿ ಅಂದ್ರೆ ತಕ್ಕಡಿ ಕಿಚನ್ ಒಳಗೆ ಉಂಟು, ಗೆಸ್ಟ್ ಅಲೋ ಇಲ್ಲ ಅಂದ್ರು. ಬಿಲ್ಲಲ್ಲಿ 1 ಕೆಜಿ 300 ಗ್ರಾಂ, 2,860 ರೂಪಾಯಿ. ಒಂದು ಕೆಜಿ ಮುಟ್ಟಲಿಕ್ಕಿಲ್ಲ ಅಂತ ಅಮ್ಮ ನೋಡಿದಲ್ಲೇ ಹೇಳಿದ್ರು, ಆದ್ರೆ ಅವರಿಗೆ ಗೊತ್ತಿಲ್ಲ ಅಂತ ನಿಮ್ಮವರು ಆಗ್ಲೇ ತೀರ್ಮಾನ ಮಾಡಿ ಆಗಿತ್ತಲ್ಲ. ಮೇಲಿಂದ 10% ಸರ್ವಿಸ್ ಚಾರ್ಜ್, 640 ರೂಪಾಯಿ, ಕೇಳದೆಯೇ ಸೇರಿಸಿದ್ದು. ಹಾಗೆ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದ್ದು, ದೆಹಲಿ ಹೈಕೋರ್ಟ್ ಈ ವರ್ಷ ಮಾರ್ಚ್ 28ಕ್ಕೆ ಅದನ್ನು ಎತ್ತಿಹಿಡಿದದ್ದು ನಿಮಗೆ ಗೊತ್ತಿಲ್ಲದೆ ಇರ್ಲಿಕ್ಕಿಲ್ಲ. ಆ ಸರ್ವಿಸಿಗೆ 10% ಅಂದ್ರೆ ಕಡಿಮೆಯೇ ಆಯ್ತು ಬಿಡಿ. ಅದರ ಮೇಲೂ 5% ಜಿಎಸ್‌ಟಿ ಹಾಕಿದ್ದೀರಿ, ಅಂದ್ರೆ ನಮ್ಮಮ್ಮ ಬೈಸಿಕೊಂಡದ್ದಕ್ಕೂ ಸರ್ಕಾರಕ್ಕೆ 32 ರೂಪಾಯಿ ಹೋಗಿದೆ.

ವಾಪಸ್ ಬರುವಾಗ ಕಾರಲ್ಲಿ ಅಮ್ಮ ಹೇಳಿದ್ದು ಇಷ್ಟೇ: "ಅದು ಮೂಡಲ ಕರಾವಳಿಯ ಮೀನು, ಅಲ್ಲಿ ಜೂನಲ್ಲೇ ಬ್ಯಾನ್ ಮುಗೀತದೆ, ಐಸ್ ಹಾಕಿ ಲಾರಿಯಲ್ಲಿ ಬಂದದ್ದು. ತಪ್ಪೇನಿಲ್ಲ, ಹಾಗಂತ ಹೇಳಿದ್ರೆ ಆಗ್ತಿತ್ತು." ಹೌದು, ಹೇಳಿದ್ರೆ ಆಗ್ತಿತ್ತು. ಜುಲೈಯಲ್ಲಿ ಐಸ್ ಮೀನು ತಿನ್ನದವರು ಮಂಗಳೂರಲ್ಲಿ ಯಾರಿದ್ದಾರೆ?

ಈಗ ಆ ವಾಟ್ಸಾಪ್ ಮೆಸೇಜು. ಅದರಲ್ಲಿ ನೀವೇ ಬರೆದದ್ದು: "ಎರಡು ತಿಂಗಳ ನಿಷೇಧ ಮುಗೀತು! ಆಗಸ್ಟ್ 1ರಿಂದ ಬೋಟುಗಳು ಮತ್ತೆ ಕಡಲಿಗೆ! ಮಲ್ಪೆಯ ತಾಜಾ ಮೀನು ಮತ್ತೆ ನಿಮ್ಮ ತಟ್ಟೆಗೆ!" ಜೊತೆಗೆ ಒಂದು ನಗುವ ಮೀನಿನ ಚಿತ್ರ. ಹಾಗಾದ್ರೆ ಜುಲೈ 12ರ ಬೆಳಗ್ಗೆ ಮಲ್ಪೆಗೆ ಬಂದ ಆ ದೊಡ್ಡ ಬೋಟು ಯಾವುದು? ಮೆಸೇಜಿನ ಸ್ಕ್ರೀನ್‌ಶಾಟ್, ಬಿಲ್ಲಿನ ಫೋಟೋ, ಐಸ್ ಕೌಂಟರಿನ ಬೋರ್ಡಿನ ಫೋಟೋ, ಮೂರೂ ನನ್ನ ಹತ್ರ ಉಂಟು.

640 ರೂಪಾಯಿ ವಾಪಸ್ ಕೊಡಿ ಅಂತ ಕೇಳುವ ಅಂತಿದ್ದೆ, ಈಗ ಅದೂ ಬೇಡ. ಆ ಕ್ಯಾಪ್ಟನ್ ಅಮ್ಮನಿಗೆ ಫೋನ್ ಮಾಡಿ, ನನಗಲ್ಲ, ಅಮ್ಮನಿಗೆ, ತಪ್ಪಾಯ್ತು ಅಂತ ಹೇಳ್ಬೇಕು. ಆಗಸ್ಟ್ 10ರವರೆಗೆ ಕಾಯ್ತೇನೆ. ಆಗದಿದ್ರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಮತ್ತೆ ತೂಕದ ವಿಷಯ ಕಾನೂನು ಮಾಪನ ಇಲಾಖೆಯವರಿಗೆ, ಮತ್ತೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದೊಳಗಿನ ಕೇಸಿಗೆ ಅಲ್ಲಿ ಫೀಸೂ ಇಲ್ಲ, ಮನೆಯಲ್ಲೇ ಕೂತು ಆನ್‌ಲೈನಲ್ಲಿ ಹಾಕ್ಬಹುದು, ನನಗೆ ಮುಂದಿನ ವರ್ಷ ರಿಟೈರ್ಮೆಂಟ್, ಟೈಮ್ ಬೇಕಾದಷ್ಟು ಉಂಟು.

ಅದೂ ಅಲ್ಲದೆ, ನಿಮ್ಮ ತಾಜಾ ಮೀನಿನ ಆಫರಿಗೆ ನಾವು ಬರ್ತೇವೆ. ವೋಚರ್ ಹಿಡ್ಕೊಂಡೇ ಬರ್ತೇವೆ, ಸೋಮವಾರ ಮಧ್ಯಾಹ್ನ. ಅಮ್ಮ ಮಾತ್ರ ಅಲ್ಲ, ಮಲ್ಪೆಯಿಂದ ಅವರ ಇಬ್ಬರು ತಂಗಿಯರೂ ಬರ್ತಾರೆ, ಚಿಕ್ಕಮ್ಮಂದಿರು ಅಮ್ಮನ ಹಾಗೆ ಮೆಲ್ಲ ಮಾತಾಡುವವರಲ್ಲ. ಗ್ಲೌಸ್ ನಾವೇ ತರ್ತೇವೆ. ಆ ಐಸ್ ಕೌಂಟರಿನ ಎದುರು ಮೂರು ಚೇರ್ ಹಾಕಿಡಿ. ಕ್ಯಾಪ್ಟನ್‌ಗೆ ಅವತ್ತು ರಜೆ ಕೊಡ್ಬೇಡಿ.

ಇಂತಿ,
ಬೇಸಿನ್ ಹತ್ತಿರದ ಟೇಬಲಿನ ಗಿರಾಕಿ
2-8-2025