ಎರಡೇ ಓವರ್ ಆಟ, ಆದರೂ ಹೆಸರು ಉಳಿಯಿತು

ಸಂಪಾದಕರೇ,

ಕಳೆದ ಸೋಮವಾರ ನಿಮ್ಮ ಕ್ರೀಡಾ ಪುಟದ ಮೂಲೆಯಲ್ಲಿ ಒಂದೇ ಸಾಲು ಇತ್ತು: ಮೈಸೂರಿನ ಲೀಗ್ ಪಂದ್ಯ ಮಳೆಯಿಂದ ರದ್ದು. ಯಾರ್ಯಾರು ಆಡಿದರು, ಎಷ್ಟು ಓವರ್ ಆಯಿತು, ಏನೂ ಇಲ್ಲ. ನನ್ನ ಅಕ್ಕನ ಮಗ ಮಂಡ್ಯದಿಂದ ಬೆಳಗಿನ ರೈಲು ಹತ್ತಿ ಹೋಗಿ ಆ ಪಂದ್ಯ ಆಡಿದವನು. ಎರಡು ವರ್ಷ ಹೊರಗೆ ಕೂತು, ಆಡುವವರಿಗೆ ನೀರು ಕೊಟ್ಟು, ಕೊನೆಗೂ ಹನ್ನೊಂದರಲ್ಲಿ ಒಬ್ಬನಾಗಿದ್ದ. ನಾಲ್ಕು ಓವರ್ ಆಗುವಷ್ಟರಲ್ಲಿ ಮಳೆ ಹಿಡಿಯಿತು. ಅವನ ಅಜ್ಜಿ, ಅಂದರೆ ನಮ್ಮಮ್ಮ, ಕನ್ನಡಕ ಹಾಕಿಕೊಂಡು ಇಡೀ ಪೇಪರ್‌ನಲ್ಲಿ ಅವನ ಹೆಸರು ಹುಡುಕಿದರು. ರಾಶಿಫಲದ ಪುಟವನ್ನೂ ಬಿಡಲಿಲ್ಲ.

ಆಗ ನನಗೆ ಫ್ರೆಡ್ ಹೈಲ್ಯಾಂಡ್ ನೆನಪಾದ. ನೀವು ಹೆಸರು ಕೇಳಿರಲಿಕ್ಕಿಲ್ಲ, ಕೇಳುವುದಕ್ಕೆ ಕಾರಣವೂ ಇಲ್ಲ. 1924ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿ ಪರವಾಗಿ ನಾರ್ಥಾಂಪ್ಟನ್‌ನಲ್ಲಿ ಆಡಲು ಇಳಿದ. ಎದುರಾಳಿಗಳು ಎರಡು ಓವರ್‌ನಲ್ಲಿ ವಿಕೆಟ್ ಕಳೆದುಕೊಳ್ಳದೆ 1 ರನ್ ಮಾಡಿದರು. ಅಷ್ಟೇ, ಆಮೇಲೆ ಬರೀ ಮಳೆ. ಹೈಲ್ಯಾಂಡ್ ಬ್ಯಾಟ್ ಹಿಡಿಯಲಿಲ್ಲ, ಬೌಲಿಂಗ್ ಮಾಡಲಿಲ್ಲ, ಮತ್ತೊಂದು ಕೌಂಟಿ ಪಂದ್ಯವೂ ಸಿಗಲಿಲ್ಲ. 12 ಚೆಂಡು ಮುಗಿಯುವ ತನಕ ಮೈದಾನದಲ್ಲಿ ನಿಂತಿದ್ದನಲ್ಲ, ಅದೇ ಅವನ ಪೂರ್ತಿ ಕೌಂಟಿ ಕ್ರಿಕೆಟ್! ಸುಮ್ನೆ ಶೋಕಿಗೆ ಬಂದವನೂ ಅಲ್ಲ, ದುಡ್ಡಿಗೆ ಆಡುವ ಪ್ರೊಫೆಷನಲ್. ಆ ಕಾಲಕ್ಕೆ ಅಲ್ಲೂ ಪಂಕ್ತಿಭೇದ ಇತ್ತು ನೋಡಿ: ಸ್ಕೋರ್‌ಕಾರ್ಡ್‌ನಲ್ಲಿ ಹೆಸರಿಗಿಂತ ಮೊದಲು ಇನಿಷಿಯಲ್ ಬಂದರೆ ದೊಡ್ಡ ಮನೆಯ ಅಮೆಚೂರ್, ಆಮೇಲೆ ಬಂದರೆ ಕೂಲಿಯವನು.

ಮುಂದೆ ಅವನು ಚೆಷೈರ್‌ನಲ್ಲಿ ಗಿಡದ ನರ್ಸರಿ ಮಾಡಿಕೊಂಡು ಒಳ್ಳೆ ಹೆಸರು ತಗೊಂಡ. 1964ರಲ್ಲಿ, 70ನೇ ವಯಸ್ಸಿಗೆ ತೀರಿಕೊಂಡಾಗ ವಿಸ್ಡನ್ ವಾರ್ಷಿಕ ಪುಸ್ತಕದವರು ಆ ಎರಡು ಓವರ್, ಆ ಒಂದು ರನ್, ನರ್ಸರಿ ಎಲ್ಲವನ್ನೂ ಸೇರಿಸಿ ಕೆಲವೇ ಸಾಲು ಬರೆದರು. 40 ವರ್ಷದ ಹಿಂದಿನ ತೊಯ್ದು ತೊಪ್ಪೆಯಾದ ಪಂದ್ಯದ ಲೆಕ್ಕವನ್ನೂ ಯಾರೋ ಬರೆದಿಟ್ಟಿದ್ದರಿಂದ ತಾನೇ ಇದು ಆಗಿದ್ದು?

ನಮ್ಮಲ್ಲಿ ಏನೂ ಬರೆದಿಟ್ಟಿಲ್ಲ ಅಂತಲ್ಲ. 1934ರ ನವೆಂಬರ್‌ನಲ್ಲಿ ರಣಜಿಯ ಮೊಟ್ಟಮೊದಲ ಪಂದ್ಯಕ್ಕೆ ಮದ್ರಾಸಿಗೆ ಹೋದ ನಮ್ಮ ಮೈಸೂರು ತಂಡ 48 ಮತ್ತು 59ಕ್ಕೆ ಆಲೌಟ್ ಆಗಿ, ಒಂದೇ ದಿನದಲ್ಲಿ ಸೋತು ವಾಪಸ್ ಬಂತು. ಹೇಳಿಕೊಳ್ಳುವಂಥ ಆಟವೇನಲ್ಲ. ಆದರೂ ಅವತ್ತು ಯಾರು ಎಷ್ಟು ಹೊಡೆದರು ಅಂತ ಇವತ್ತೂ ತೆಗೆದು ನೋಡಬಹುದು. ಹೋದ ಭಾನುವಾರದ ಲೀಗ್ ಪಂದ್ಯದ್ದು ಮಾತ್ರ ಎಲ್ಲೂ ಸಿಗಲ್ಲ, ವಿಚಿತ್ರ ಅಲ್ವಾ?

ನಾನು ಜಾಸ್ತಿ ಏನೂ ಕೇಳುತ್ತಿಲ್ಲ. ಐಪಿಎಲ್ ಆಟಗಾರ ಹೊಸದಾಗಿ ಕೂದಲು ಕತ್ತರಿಸಿಕೊಂಡರೆ ಮೂರು ಕಾಲಂ ಕೊಡುತ್ತೀರಿ, ಕೊಡಿ. ವಾರಕ್ಕೊಂದು ದಿನ ಮೈಸೂರು, ಮಂಡ್ಯ ಕಡೆಯ ಲೀಗ್ ಪಂದ್ಯಗಳ ಸ್ಕೋರನ್ನೂ ಹಾಕಿ. ಮಳೆಗೆ ನಿಂತುಹೋದ ಪಂದ್ಯವಾದರೆ ಆಡಲು ಇಳಿದವರ ಹೆಸರಾದರೂ ಇರಲಿ, ತಪ್ಪಿಲ್ಲದೆ. ಸ್ಕೋರರ್ ಹತ್ತಿರ ಪುಸ್ತಕ ಇದ್ದೇ ಇರುತ್ತದೆ, ಅದರ ಫೋಟೋ ತೆಗೆಸಿ ನಿಮ್ಮ ವರದಿಗಾರರಿಗೆ ವಾಟ್ಸಾಪ್ ಮಾಡಿಸುವುದು ನನ್ನ ಜವಾಬ್ದಾರಿ. ಅಕ್ಷರ ಸ್ವಲ್ಪ ದಪ್ಪ ಇದ್ದರೆ ನಮ್ಮಮ್ಮನಿಗೂ ಅನುಕೂಲ.

ಇಂತಿ,
ನಿಮ್ಮ ಹಳೆಯ ಓದುಗ, ಮಂಡ್ಯ