ಮಣ್ಣುಮುಕ್ಕ ಹುಡುಕಿ ಹೊರಟ ನಮ್ಮ ಹುಡುಗರು: ಕೊಪ್ಪಳದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ಹತ್ತಿರ ಬಂದು, "ಸರ್, ಮಣ್ಣುಮುಕ್ಕ ಹಾವು ತತ್ತಿ ಯಾವಾಗ ಇಡ್ತೈತ್ರಿ?" ಎಂದು ಕೇಳಿದ. ತತ್ತಿ ಇಡುವುದಿಲ್ಲ, ಮರಿ ಹಾಕುತ್ತದೆ ಎಂದೆ. ಅವನ ಮುಖ ಸಣ್ಣದಾಯಿತು. ಯಾಕೋ ಎಂದು ಕೇಳಿದ್ದಕ್ಕೆ ಮನೆಗೆ ಕರೆದುಕೊಂಡು ಹೋದ.

ದನದ ಕೊಟ್ಟಿಗೆಯ ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಮುಚ್ಚಳಕ್ಕೆ ಮೊಳೆ ಕಾಸಿ ಹಾಕಿದ ತೂತುಗಳು, ಮೇಲೊಂದು ಗುಂಡುಕಲ್ಲು. ಒಳಗೆ ಹಳ್ಳದ ಉಸುಕಿನಲ್ಲಿ ಅರ್ಧ ಹೂತುಕೊಂಡ ಎರಡು ಹಾವು. ಸುಟ್ಟ ಇಟ್ಟಿಗೆಯ ಬಣ್ಣ, ತಲೆಯಷ್ಟೇ ಮೊಂಡಾದ ಬಾಲ. ಪಕ್ಕದಲ್ಲಿ ಹತ್ತಿ ಹಾಸಿದ ರಟ್ಟಿನ ಡಬ್ಬಿ, ಅದರ ಮೇಲೆ ಇಳಿಬಿಟ್ಟ ಬಲ್ಬು. ಅದು ಬಾರದ ತತ್ತಿಗಳಿಗೆ. ಹೆಸರೇ ಮಣ್ಣುಮುಕ್ಕ, ಮಣ್ಣೇ ಆಹಾರ ಎಂದು ನಂಬಿ ಮೂರು ವಾರ ಉಸುಕಿಗೆ ನೀರು ಚಿಮುಕಿಸಿದ್ದನಷ್ಟೇ. ಇಲಿ ತಿಂದು ಬದುಕುವ ಜೀವ ಅದು. ಎರಡರ ಬೆನ್ನೂ ಇಳಿದು ಚರ್ಮ ನೆರಿಗೆಗಟ್ಟಿತ್ತು.

ಬೈಕಿನಲ್ಲಿ ಬಂದವನೊಬ್ಬ, ಎರಡೂವರೆ ಕೆ.ಜಿ. ತೂಗುವ "ಎರಡು ತಲಿ ಹಾವು" ತಂದರೆ ಲಕ್ಷಗಟ್ಟಲೆ ಕೊಡುತ್ತೇನೆ ಎಂದು ಹೇಳಿಹೋಗಿದ್ದನಂತೆ. ಸಿಕ್ಕವು ಅಷ್ಟು ತೂಗಲಿಲ್ಲ. ಸಾಕಿ ದಪ್ಪ ಮಾಡೋಣ, ಮರಿ ಮಾಡಿಸೋಣ ಎಂದು ಹುಡುಗ ಹೊರಟಿದ್ದ. ಹೊರದೇಶದವರು ಹಾವು ಸಾಕಿ ಮರಿ ಮಾಡಿಸುವ ವಿಡಿಯೊಗಳು ಅವನ ಮೊಬೈಲ್ ತುಂಬ ಇದ್ದವು. ಆದರೆ ಬರೀ ದುಡ್ಡಿನ ಆಸೆ ಎಂದರೆ ಅವನಿಗೆ ಅನ್ಯಾಯ ಮಾಡಿದಂತೆ. ಮಳೆ ನಿಂತ ಎಷ್ಟು ಹೊತ್ತಿಗೆ, ಯಾವ ಬದುವಿನಲ್ಲಿ ಹಾವು ಹೊರಬರುತ್ತದೆ ಎಂಬುದನ್ನು ಅವನು ನನಗಿಂತ ಚೆನ್ನಾಗಿ ಬಲ್ಲ. ಬಾಲವನ್ನು ಎತ್ತಿ ತಲೆಯಂತೆ ತೋರಿಸಿ ನಿಜವಾದ ತಲೆಯನ್ನು ಸುರುಳಿಯೊಳಗೆ ಅಡಗಿಸುವುದನ್ನು ತಾನೇ ನೋಡಿ ತಿಳಿದಿದ್ದ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯೇ. ಹಿಡಿದದ್ದು ಸರ್ಕಾರದ ಸ್ವತ್ತು, 48 ಗಂಟೆಯೊಳಗೆ ತಿಳಿಸಬೇಕು. 2022ರ ತಿದ್ದುಪಡಿ ದಂಡವನ್ನೂ ಏರಿಸಿದೆ. ಇದನ್ನು ಹೇಳಿದ್ದೇ ತಡ, ಅವನ ಅಪ್ಪ ಕುಡಗೋಲು ಹಿಡಿದು ಎದ್ದರು. ಕೇಸು ಬೀಳುವ ಮೊದಲು ಕಡಿದು ಸುಟ್ಟುಬಿಡೋಣ ಎಂದರು. ಅವರ ಕೈ ಹಿಡಿದು ಕೂರಿಸಬೇಕಾಯಿತು. ಮರುದಿನ ಬೆಳಿಗ್ಗೆ ಅರಣ್ಯ ರಕ್ಷಕರು ಬಂದು ಗದರದೆ ಹಾವುಗಳನ್ನು ತೆಗೆದುಕೊಂಡು ಹೋದರು. ಅವರಿಗೆ ನಾನು ಋಣಿ. ಆದರೆ ಎಷ್ಟು ಮನೆಯಲ್ಲಿ ಆ ಕುಡಗೋಲನ್ನು ತಡೆಯುವವರು ಇರುತ್ತಾರೆ?

ನನಗೆ ಇನ್ನೂ ದೊಡ್ಡ ಭಯ ಬೇರೆ ಇದೆ. ರಾತ್ರಿ ಮೊಬೈಲ್ ಬೆಳಕಿನಲ್ಲಿ ಹುಡುಗರು ಕಲ್ಲು ಮಗುಚುತ್ತಾರೆ. ನಮ್ಮ ಕಲ್ಲುಗುಡ್ಡಗಳಲ್ಲಿ ಕಲ್ಲಿನಡಿ ವಿಷದ ಹಾವಾದ ಗರಗಸ ಮಂಡಲವೂ ಮಲಗಿರುತ್ತದೆ. ಮಣ್ಣುಮುಕ್ಕದ ಇನ್ನೊಂದು ಜಾತಿಗೆ ಮೈಮೇಲೆ ಕಂದು ಮಚ್ಚೆಗಳಿರುತ್ತವೆ, ಅದನ್ನೂ ಕೊಳಕುಮಂಡಲವನ್ನೂ ದೊಡ್ಡವರೇ ಅದಲುಬದಲು ಮಾಡಿಕೊಳ್ಳುತ್ತಾರೆ. ವಿಷವಿಲ್ಲದ ಹಾವೆಂದು ಕೊಳಕುಮಂಡಲಕ್ಕೆ ಕೈ ಹಾಕಿದ ಹುಡುಗನನ್ನು ನಡುರಾತ್ರಿ ಹಳ್ಳಿಯಿಂದ ಆಸ್ಪತ್ರೆಗೆ ಮುಟ್ಟಿಸುವುದು ಹೇಗೆಂದು ತಾವೇ ಯೋಚಿಸಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ನಮ್ಮ ಸರ್ಕಾರ 2024ರಲ್ಲಿ ಆದೇಶಿಸಿದೆ. ಅದು ಕಡಿದ ಮೇಲಿನ ಮಾತು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಈ ಹಾವಿನಿಂದ ಔಷಧಿ, ನಿಧಿ, ಅದೃಷ್ಟ ಯಾವುದೂ ಸಿಗುವುದಿಲ್ಲ, ಕೊಳ್ಳುತ್ತೇನೆ ಎಂದು ಬರುವವನು ಮೋಸಗಾರ ಎಂದು ಊರೂರಲ್ಲಿ ಡಂಗುರ ಹೊಡೆಸಿ. ಪಂಚಾಯಿತಿ ಗೋಡೆಯ ಮೇಲೆ ಇಲಾಖೆಯ ಫೋನ್ ನಂಬರನ್ನು ದೊಡ್ಡದಾಗಿ ಬರೆಸಿ. ತಾನಾಗಿ ಹಾವು ತಂದೊಪ್ಪಿಸುವ ವಿದ್ಯಾರ್ಥಿಯನ್ನು ಕಾನೂನಿನ ಮಿತಿಯೊಳಗೆ ಹೇಗೆ ನಡೆಸಿಕೊಳ್ಳುತ್ತೀರಿ ಎಂದು ಬಹಿರಂಗವಾಗಿ ಹೇಳಿ, ಆಗ ಅಪ್ಪಂದಿರು ಕುಡಗೋಲು ಎತ್ತುವುದಿಲ್ಲ. ನಿಮ್ಮ ಬಿಗಿಯನ್ನೆಲ್ಲ ಆ ಬೈಕಿನವನ ಮೇಲೆ, ಅವನ ಹಿಂದೆ ಇರುವವರ ಮೇಲೆ ತೋರಿಸಿ.

ಹಾವಿನ ಮೇಲಿನ ಈ ಹುಡುಗರ ಪ್ರೀತಿಗೂ ಒಂದು ದಾರಿ ಬೇಕು. ತಮಿಳುನಾಡಿನ ಇರುಳ ಬುಡಕಟ್ಟಿನವರು ಒಂದು ಕಾಲಕ್ಕೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದರು. 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ಸರ್ಕಾರದ ಅನುಮತಿಯಿಂದ ಹಿಡಿದು, ಪ್ರತಿವಿಷಕ್ಕಾಗಿ ವಿಷ ತೆಗೆದು, ಮತ್ತೆ ಕಾಡಿಗೆ ಬಿಡತೊಡಗಿದರು. ಅಷ್ಟು ದೊಡ್ಡದು ನಮಗೆ ಬೇಡ, ಮಕ್ಕಳ ಕೈಗೆ ಹಾವು ಕೊಡುವುದಂತೂ ಬೇಡವೇ ಬೇಡ. ಹಗಲಿನಲ್ಲಿ, ದೂರದಿಂದ, ಮುಟ್ಟದೆ ನೋಡಿ ಬರೆದಿಡುವ ಕೆಲಸವನ್ನು ನಿಮ್ಮ ಸಿಬ್ಬಂದಿ ನಮ್ಮ ಶಾಲೆಗಳಲ್ಲಿ ಕಲಿಸಲಿ.

ಆ ಹುಡುಗ ಈಗಾಗಲೇ ಶುರು ಮಾಡಿದ್ದಾನೆ. ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ಜಾಗ, ಹಾವಿನ ಹೆಸರು. "ಕೇರೆಹಾವು, ಹಳೇ ಬಾವಿ ಕಟ್ಟಿ, ಇಲಿ ಹಿಡಿದಿತ್ತು, ಮುಟ್ಟಿಲ್ಲ" ಎಂದು ಮೊನ್ನೆ ಬರೆದಿದ್ದಾನೆ. ಶಾಲೆ ಶುರುವಾದ ಮೊದಲ ವಾರ, ಮೃಗಶಿರಾ ಮಳೆ ಹಿಡಿಯುವ ಮುನ್ನ, ತಾವೇ ಒಂದು ದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನಮ್ಮ ಶಾಲೆಗೆ ಬಂದರೆ ಆ ನೋಟ್‌ಬುಕ್ಕನ್ನು ಅವನ ಕೈಯಿಂದಲೇ ತಮಗೆ ಕೊಡಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕುಷ್ಟಗಿ ತಾಲ್ಲೂಕಿನ ಒಬ್ಬ ವಿಜ್ಞಾನ ಶಿಕ್ಷಕ